ಖಳನಾಯಕನ ಉದಾಹರಣೆ

ವಾಚ್ ರಿಪೇರಿಯವರ ಅಂದಿನ ಗ್ರಹಚಾರ ಶುರುವಾದದ್ದು ಹೆಂಡತಿಯ ಒಂದು ಮಾತಿನಿಂದ.

"ಮಗಳಿಗೆ ಕಾದಂಬರಿ ಪಾಠ ಶುರುವಾಗಿದೆಯಂತೆ. ಕಥಾನಾಯಕ ಅಂದ್ರೇನು, ಖಳನಾಯಕ ಅಂದ್ರೇನು, ಗೊತ್ತಿರೋರನ್ನೇ ಉದಾಹರಣೆ ಕೊಟ್ಟು ಬರ್ಕೊಂಡು ಬನ್ನಿ ಅಂದಿದ್ರಂತೆ ಟೀಚರ್. ಬರ್ಕೊಂಡು ಹೋದ್ಲು."

ಅವರು ಕುಡಿಯುತ್ತಿದ್ದ ಕಾಫಿಯನ್ನು ಅರ್ಧಕ್ಕೇ ಕೆಳಗಿಟ್ಟರು. ಆ ಮನೆಯಲ್ಲಿ ಖಳನಾಯಕ ಎಂದರೆ ಒಬ್ಬರೇ, ಮನೆ ಓನರ್. ಊಟಕ್ಕೆ ಕೂತಾಗಲೆಲ್ಲ ಅವರಿಗೆ ಆ ಬಿರುದು ಕೊಡುತ್ತಿದ್ದವರು ಇವರೇ. ಮಗಳ ಟೀಚರ್ ಬೇರೆ ಯಾರೂ ಅಲ್ಲ, ಓನರ್ ಹೆಂಡತಿ. ಮನೆಯ ಕರಾರು ಇವತ್ತಿಗೆ ಮುಗಿಯುತ್ತದೆ. ಹೊಸದಕ್ಕೆ ಓನರ್ ಸಹಿ ಹಾಕುವುದು ಸಂಜೆ ಆರಕ್ಕೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಚಪ್ಪಲಿ ಮೆಟ್ಟಿ ಶಾಲೆಗೆ ಓಡಿದರು. ಗೇಟಿನವನು ಒಳಗೆ ಬಿಡಲಿಲ್ಲ.

"ಮಗಳ ನೋಟ್‌ಬುಕ್ ಒಂದ್ನಿಮಿಷ ಬೇಕಿತ್ತಪ್ಪಾ."

"ಅದನ್ನೆಲ್ಲ ತಿದ್ದೋಕೆ ಟೀಚರ್ ಮನೆಗೆ ತಗೊಂಡು ಹೋಗ್ತಾರೆ ಸಾರ್. ಅಲ್ಲೇ ಕೇಳಿ."

ಅಂಗಡಿಗೆ ಬಂದರೂ ಮನಸ್ಸೆಲ್ಲ ನೋಟ್‌ಬುಕ್ಕಿನಲ್ಲೇ. ಗಿರಾಕಿಯೊಬ್ಬರ ಗಡಿಯಾರಕ್ಕೆ ದೊಡ್ಡ ಮುಳ್ಳು ಇರಬೇಕಾದಲ್ಲಿ ಚಿಕ್ಕದನ್ನು ಕೂರಿಸಿಟ್ಟರು. ತಡೆಯಲಾರದೆ ಪಕ್ಕದ ಟೈಲರ್ ಹತ್ತಿರ ಹೇಳಿಕೊಂಡರು. ಅದೇ ತಪ್ಪಾಯಿತು.

"ಅವರು ಓದೋಕೆ ಮುಂಚೆ ನೀವೇ ಒಪ್ಕೊಂಡ್ಬಿಡಿ ಅಣ್ಣಾ," ಎಂದ ಟೈಲರ್. "ಒಪ್ಕೊಂಡೋರನ್ನ ಯಾರೂ ಹೊಡೆಯಲ್ಲ."

"ಹೊಡೆದ್ರೆ ಹೊಡೀಲಿ, ಮನೆ ಖಾಲಿ ಮಾಡು ಅಂದ್ರೆ?"

ಬಟ್ಟೆ ಅಳತೆಗೆ ಬಂದಿದ್ದ ನರ್ಸಮ್ಮನೂ ಬಾಯಿ ಹಾಕಿದರು. "ಸ್ವಲ್ಪ ಅತ್ತುಬಿಡಿ. ಗಂಡಸರು ಅತ್ರೆ ಎಂಥೋರಾದ್ರೂ ಗಾಬರಿಯಾಗಿ ಸಹಿ ಹಾಕ್ತಾರೆ."

ಸಂಜೆ ಆರಕ್ಕೆ ಓನರ್ ಮನೆ. ಮೇಜಿನ ಮೇಲೆ ಒಂದು ಕಡೆ ಕರಾರು ಪತ್ರ, ಇನ್ನೊಂದು ಕಡೆ ನೋಟ್‌ಬುಕ್ಕುಗಳ ರಾಶಿ. ಓನರ್ ನಗುನಗುತ್ತಲೇ ಪೆನ್ನಿನ ಕ್ಯಾಪ್ ತೆಗೆದರು. ಅಷ್ಟರಲ್ಲಿ ಟೀಚರ್ ರಾಶಿಯಿಂದ ಒಂದು ನೋಟ್‌ಬುಕ್ ಎತ್ತಿಕೊಂಡರು.

"ನಿಮ್ಮ ಮಗಳು ಏನು ಬರೆದಿದ್ದಾಳೆ ಗೊತ್ತಾ?"

"ಗೊತ್ತು ಮೇಡಂ! ಮಗು ಮೇಲೆ ಕೋಪ ಮಾಡ್ಕೋಬೇಡಿ!" ವಾಚ್ ರಿಪೇರಿಯವರು ಎದ್ದು ನಿಂತೇಬಿಟ್ಟರು. "ಸಾರ್, ನಿಮ್ಮನ್ನ ಖಳನಾಯಕ ಅನ್ನೋದು ನಾನು. ನೀರು ನಿಂತ್ರೂ ಅಂತೀನಿ, ಬಲ್ಬು ಹೋದ್ರೂ ಅಂತೀನಿ. ನೀವು ಕೆಮ್ಮೋದನ್ನ ಅಣಕಿಸಿ ತೋರಿಸ್ತೀನಿ. ಮಗು ಏನು ಮಾಡುತ್ತೆ, ಕೇಳಿದ್ದನ್ನ ಬರೆದಿದೆ!" ನರ್ಸಮ್ಮ ಹೇಳಿದ್ದ ಅಳು ಕರೆಯದೇ ಬಂತು.

ಓನರ್‌ಗೆ ಕೆಮ್ಮು ಬಂದಿತ್ತು, ತಡೆದುಕೊಂಡರು. ಹೆಂಡತಿಯ ಕೈಯಿಂದ ನೋಟ್‌ಬುಕ್ ತೆಗೆದುಕೊಂಡು ಗಟ್ಟಿಯಾಗಿ ಓದಿದರು.

"ಕಥಾನಾಯಕ: ಓನರ್ ತಾತ. ನನ್ನ ಚೆಂಡು ತಾರಸಿಗೆ ಹೋದಾಗ ಮಂಡಿನೋವಿದ್ದರೂ ಹತ್ತಿ ತಂದುಕೊಟ್ಟರು. ಖಳನಾಯಕ: ನಮ್ಮಪ್ಪ. ಭಾನುವಾರವೂ ಮಗ್ಗಿ ಕೇಳುತ್ತಾರೆ."

ಟೀಚರ್ ಕೆಂಪು ಪೆನ್ನು ತೆಗೆದುಕೊಂಡರು.

"ಖಳನಾಯಕನಿಗೆ ಕೊಟ್ಟ ಕಾರಣ ಸಾಲದು ಅಂತ ಹತ್ತಕ್ಕೆ ಎಂಟು ಹಾಕಿದ್ದೆ," ಎಂದು ಅದನ್ನು ಹೊಡೆದು ಹಾಕಿ ಪೂರ್ತಿ ಹತ್ತು ಬರೆದರು.

ಓನರ್ ತಮ್ಮ ಪೆನ್ನಿಗೆ ಕ್ಯಾಪ್ ಹಾಕಿ ಜೇಬಿಗಿಟ್ಟರು. "ಕರಾರು ನಿಮ್ಮ ಹೆಂಡ್ತಿ ಹೆಸರಲ್ಲಿ ಬರೆಸ್ತೀನಿ. ಅವ್ರೂ ಮಗೂನೂ ಎಷ್ಟು ವರ್ಷ ಬೇಕಾದ್ರೂ ಇರ್ಲಿ. ನೀವು ಬೇರೆ ಮನೆ ನೋಡ್ಕೊಳ್ಳಿ."