ಒಂದು ವೈವಾಕ್ಕ ಮೂರು ಮುಹೂರ್ತ

ಸಿಂಧನೂರಿನ ನಮ್ಮ ಪಿ.ಜಿ. ಸೆಂಟರಿನ್ಯಾಗ ವಿಡಿಯೋ ಕಾನ್ಫರೆನ್ಸ್ ಜೋಡಿಸೋದು ನನ್ನ ಕೆಲಸ. ವೈರ್ ಎಲ್ಲಿ ಕೈ ಕೊಡ್ತಾವು ಅಂತ ಹೇಳಬಲ್ಲೆ. ಮಂದಿ ಎಲ್ಲಿ ಕೈ ಕೊಡ್ತಾರ ಅನ್ನೋದು ಇನ್ನೂ ತಿಳಿದಿಲ್ಲ. ಹಿಂಗಾಗಿ ಇವತ್ತೇನು ಆಗ್ತೈತೋ ಅಂತ ದಿನಾ ಒಂದು ಕುತೂಹಲ ಇದ್ದೇ ಇರ್ತೈತಿ.

ಹೋದ ವರ್ಷ ಮಸ್ಕಿ ಕಡೀದೊಬ್ಬ ಹುಡುಗಿದು ಪಿಎಚ್.ಡಿ. ವೈವಾ, ಅಂದ್ರ ಕಡೀ ಮೌಖಿಕ ಪರೀಕ್ಷೆ, ಬಂತು. ನಮ್ಮ ಭಾಗದ ಅಡುಗೆಮನೆ ಮಾತಿನ ಮ್ಯಾಲ ಐದು ವರ್ಷ ದುಡಿದಿದ್ಳು. ಲಿಂಗಸುಗೂರಿನ ಕಾಲೇಜೊಂದರಾಗ ನೌಕರಿ ಕಾದಿತ್ತು. ತಿಂಗಳೊಳಗ ವೈವಾ ಮುಗಿದ್ರ ನೌಕರಿ, ಇಲ್ಲಂದ್ರ ಇಲ್ಲ. ಪರೀಕ್ಷಕರು ದೂರದೂರಿನವ್ರು, ಪರದೆ ಮ್ಯಾಲೇ ಬರಬೇಕು.

೧. ವೇಟಿಂಗ್ ರೂಮ್

ಮೊದಲ ದಿನ ಪರೀಕ್ಷಕರು ಆಫೀಸಿಗೆ ಫೋನ್ ಮಾಡಿ, ವೇಟಿಂಗ್ ರೂಮಿನ್ಯಾಗ ಇದ್ದೀನಿ, ಒಳಗ ಕರಕೊಳ್ರಿ ಅಂದ್ರಂತ. ಅಂದ್ರ ಕಂಪ್ಯೂಟರಿನ್ಯಾಗ ಮೀಟಿಂಗಿನ ಬಾಗಿಲಿಗೆ ಬಂದಾರ, ನಾನೊಂದು ಬಟನ್ ಒತ್ತಿದ್ರ ಮುಗೀತು. ಫೋನ್ ಎತ್ತಿದ ಸೂಪರಿಂಟೆಂಡೆಂಟರು ಬಸ್ ಸ್ಟ್ಯಾಂಡಿಗೆ ಜೀಪ್ ಕಳಿಸಿದ್ರು.

ನಾನು ಎಕ್ಸ್‌ಟೆನ್ಶನ್ ಬಾಕ್ಸ್ ತರಾಕ ಹೋಗಿದ್ದೆ. ತಿರುಗಿ ಬರೋದ್ರಾಗ ಚಷ್ಮಾ, ಕೋಟು ಹಾಕ್ಕೊಂಡ ಹಿರಿಯರೊಬ್ರು ಜೀಪಿನ್ಯಾಗ ಬಂದು ಕುಂತು ಚಹಾ ಕುಡಿಯಾಕತ್ತಿದ್ರು. ಖುದ್ದು ಬಂದಾರ ಅಂದ್ಮ್ಯಾಲ ಪರದೆ ಯಾಕ ಅಂತ ನಾನೂ ಬಂದ್ ಮಾಡಿದೆ.

ಹುಡುಗಿ ಕೈಮುಗಿದು ನಿಂತ್ಳು. ಹೆಸರು ಕೇಳಿದ್ರು, ಎಷ್ಟು ಓದೀದಿ ಅಂದ್ರು, ಆಕಿ ಹೇಳಿದ್ಳು. ಆಮ್ಯಾಲ, "ರೊಟ್ಟಿ ಬಡಿಯಾಕ ಬರ್ತೈತೇನವ್ವ?" ಅಂದ್ರು. ಅಡುಗೆಮನೆ ಪ್ರಬಂಧ ಅಲ್ಲೇನು, ಪಕ್ಕದಾಗ ಕುಂತಿದ್ದ ಆಕಿ ಗೈಡ್ ಸರ್ ಭಾಳ ಚಲೋ ಪ್ರಶ್ನೆ ಅಂತ ತಲಿ ಆಡಿಸಿದ್ರು. ಆಕಿ ಹಿಟ್ಟು ನಾದೋದ್ರಿಂದ ಹಂಚಿನ ತನಕ ಅರ್ಧ ತಾಸು ಹೇಳಿದ್ಳು. ಹಿರಿಯರು ಖುಷಿಯಾಗಿ ಗೈಡ್ ಸರ್ ಕಡೆ ತಿರುಗಿದ್ರು.

"ನಿಮ್ಮ ಮಗಳು ನಮಗ ಪಸಂದ್ ಆದ್ಳು. ನಮ್ಮ ಹುಡುಗನ್ನ ನೋಡಾಕ ಮುದಗಲ್ಲಿಗೆ ಯಾವಾಗ ಬರ್ತೀರಿ?"

ಮಗನಿಗೆ ಕನ್ಯಾ ನೋಡಾಕ ಬಂದು, ಬಸ್ ಸ್ಟ್ಯಾಂಡಿನ ವೇಟಿಂಗ್ ರೂಮಿನ್ಯಾಗ ಹೆಣ್ಣಿನ ಕಡೆಯವ್ರ ಗಾಡಿಗೆ ಕಾಯಾಕತ್ತಿದ್ದವ್ರಂತ ಅವ್ರು. ನಮ್ಮ ಪರೀಕ್ಷಕರು ಕಾದು ಕಾದು ಹೋಗಿಬಿಟ್ಟಿದ್ರು.

೨. ಮಂಜು

ಎರಡನೇ ಸಲಕ್ಕ ಹೊಸ ಕ್ಯಾಮೆರಾ ತರಿಸಿದ್ವಿ. ಪರೀಕ್ಷಕರು ನಮಗ ಚಂದಂಗ ಕಂಡ್ರು, ಅವ್ರಿಗೆ ಮಾತ್ರ ನಾವು ಯಾರೂ ಕಾಣ್ಲಿಲ್ಲ. ಸಿಂಧನೂರಿನ್ಯಾಗ ಇಷ್ಟು ಮಂಜು ಬೀಳ್ತೈತೇನು ಅಂತ ಕೇಳಿದ್ರು. ಹೊರಗ ನೋಡಿದ್ರ ಬಿಸಿಲಿಗೆ ನಾಯಿ ಸೈತ ನೆಳ್ಳು ಬಿಟ್ಟು ಕದಲವಲ್ದು. ನಾನು ವೈರೆಲ್ಲಾ ಬಿಚ್ಚಿ ಹಾಕಿದೆ, ಮಂಜು ಹೋಗ್ಲಿಲ್ಲ. ಮುಖ ಕಾಣದವ್ರಿಗೆ ಪ್ರಶ್ನೆ ಕೇಳೋ ನಿಯಮ ಇಲ್ಲ ಅಂತ ಪರೀಕ್ಷಕರು ಹೊಂಟುಬಿಟ್ರು.

ಹುಡುಗಿ ಅಳಾಕ ಶುರು ಮಾಡಿದ್ಳು. ನನಗೂ ಸಂಕಟಾತು. ನಮ್ಮ ಹಿರಿಯ ಜವಾನ ಬಂದು ಸಮಾಧಾನ ಹೇಳಿದ: "ಅಳಬ್ಯಾಡವ್ವ. ನಿನ್ನ ಕೆಲಸ ಸುಸೂತ್ರ ಆಗ್ಲಿ ಅಂತ ಮುಂಜಾನೇನ ಕ್ಯಾಮೆರಾಕ್ಕ ಪೂಜಿ ಮಾಡೀನಿ. ಅದರ ಕಣ್ಣಿನ ಮ್ಯಾಲೇ ಮೂರು ಬಟ್ಟು ವಿಭೂತಿ ಎಳದೀನಿ."

೩. ಗುಟ್ಟು

ಮೂರನೇ ಸಲ ತಿಂಗಳು ಮುಗಿಯಾಕ ಎರಡೇ ದಿನ ಇದ್ವು. ಈ ಸಲ ಏನಾಗ್ತೈತೋ ನೋಡೇ ಬಿಡೋಣು ಅಂತ ಹುಡುಗಿ ಊರಿನ ಮಂದಿ ಎರಡು ಟಂಟಂ ಆಟೋ ತುಂಬ ಬಂದಿಳಿದ್ರು. ಕೋಣಿಯೊಳಗ ಜಾಗ ಸಾಲ್ಲಿಲ್ಲ. ಪಾಪ, ಅವ್ರೂ ಕೇಳ್ಲಿ ಅಂತ ಪಡಸಾಲಿಗೆ ಒಂದು ಸ್ಪೀಕರ್ ಹಾಕಿಕೊಟ್ಟೆ.

ಆಕಿ ಒಂದು ತಾಸು ಚಲೋ ಉತ್ತರ ಕೊಟ್ಳು. ಆದ್ರ ಪರೀಕ್ಷಕರ ಮುಖ ನೋಡಿದ್ರ ಹೂಂ ಅಂತಾರೋ ಊಹೂಂ ಅಂತಾರೋ ತಿಳೀವಲ್ದು. ಕಡೀಗೆ, ಗುಟ್ಟಾಗಿ ಮಾತಾಡೋದೈತಿ, ಅಭ್ಯರ್ಥಿ ಹೊರಗ ಹೋಗ್ಲಿ ಅಂದ್ರು. ಪದ್ಧತಿ ಅದು. ಆಕಿ ಪಡಸಾಲಿಗೆ ಹೋದ್ಳು, ನಾನೇ ಗಟ್ಟಿ ಚಿಲಕ ಹಾಕಿದೆ.

ಪರೀಕ್ಷಕರು ದನಿ ಇಳಿಸಿದ್ರು. "ಹುಡುಗಿ ಚೆನ್ನಾಗಿ ಬರೆದಿದ್ದಾಳೆ, ಪದವಿ ಕೊಡೋಣ. ಆದರೆ ಗೈಡ್ ಸಾಹೇಬರೇ, ಇದನ್ನು ನೀವು ಓದಿದ ಹಾಗೆ ಕಾಣುವುದಿಲ್ಲ."

ಹೊರಗ ಒಮ್ಮಿಗೇ ಚಪ್ಪಾಳಿ ಬಿತ್ತು. ಸ್ಪೀಕರ್ ಬಂದ್ ಮಾಡಿಲ್ಲ ಅನ್ನೋದು ನನಗ ಆಗ ನೆನಪಾತು. ಏನದು ಸದ್ದು ಅಂದ್ರು ಪರೀಕ್ಷಕರು. ಪಕ್ಕದಾಗ ಬ್ಯಾರೆ ಕಾರ್ಯಕ್ರಮ ಐತ್ರಿ ಅಂತ ಸುಳ್ಳು ಹೇಳಿದೆ.

ಆಕಿನ್ನ ಒಳಗ ಕರೆಸಿದ್ರು. ಹಿಂದಿಂದ ಆಕಿ ಅವ್ವನೂ ಬಂದ್ಳು. ಪರೀಕ್ಷಕರು ಗಂಭೀರಾಗಿ, ಇನ್ನು ಮುಂದ ನೀವು ಡಾಕ್ಟರ್, ಎರಡು ಮಾತಾಡ್ರಿ ಅಂದ್ರು. ಹುಡುಗಿ ಬಾಯಿ ಅಲ್ಲಾಡಿತು, ಸದ್ದು ಹೊರಡ್ಲಿಲ್ಲ. ಕಣ್ಣಾಗ ನೀರು ಮಾತ್ರ ಸುರಿಯಾಕತ್ತಿತ್ತು. ಏನ್ರೀ ನಿಮ್ಮ ವ್ಯವಸ್ಥಾ, ಧ್ವನಿನೇ ಬರವಲ್ದು ಅಂತ ಪರೀಕ್ಷಕರು ನನ್ನ ಮ್ಯಾಲ ಹರಿಹಾಯ್ದ್ರು.

ನಾನು ಬಾಯಿ ತೆರೆಯೋದ್ರಾಗ ಆಕಿ ಅವ್ವ ಮುಂದ ಬಂದ್ಳು.

"ನಿಮ್ಮ ಮಷೀನ್ ಚಲೋ ಐತ್ರೀ ಸಾಹೇಬ್ರ. ಪದವಿ ಕೊಡೋಣ ಅಂತ ನೀವು ಅಂದಕೂಡ್ಲೇ ನಾನೇ ಆಕಿ ಬಾಯಾಗ ಎರಡು ಪೇಢಾ ತುರುಕೀನಿ. ನುಂಗೂತನಕ ತಡೀರಿ. ಓದದಿದ್ರೂ ಗೈಡ್ ಸಾಹೇಬ್ರಿಗೂ ಎರಡು ಇಟ್ಟೀನಿ."