ಲಿವರ್ ರೈಫಲ್ಲೂ ನನ್ನ ಎಡಗೈ ವಾದವೂ

ಚರ್ಚಾಸ್ಪರ್ಧೆಯಲ್ಲಿ ಪಳಗಿದವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಎದುರಿನವರು ಬಾಯಿ ತೆರೆದರೆ ಸಾಕು, ಅವರ ವಾಕ್ಯಕ್ಕೆ ಕ್ರಿಯಾಪದ ಬರುವ ಮೊದಲೇ ನಮ್ಮ ಉತ್ತರ ಹೊರಟಿರುತ್ತದೆ. ನಾನು ಗೆದ್ದು ತಂದ ನಾಲ್ಕು ಕಪ್ಪುಗಳು ಮನೆಯಲ್ಲಿವೆ. ಒಂದರಲ್ಲಿ ಅಮ್ಮ ಚಮಚ ಇಡುತ್ತಾಳೆ. ಸಾಲದ್ದಕ್ಕೆ ನಾನು ಎಡಗೈಯವಳು. ಎಂಟು ವರ್ಷದವಳಿದ್ದಾಗ ತೀರ್ಥಕ್ಕೆ ಎಡಗೈ ಒಡ್ಡಿ, "ಎರಡೂ ಕೈ ಕೊಟ್ಟೋನು ಅವನೇ ತಾನೆ?" ಎಂದು ಅರ್ಚಕರನ್ನು ಕೇಳಿ, ಹಿಂದಿದ್ದ ಸಾಲನ್ನೆಲ್ಲ ಕಾಯಿಸಿದ್ದೆನಂತೆ. ಅಂದಿನಿಂದ ಇಂದಿನವರೆಗೆ ನನಗಾದ ಸೋಲುಗಳಿಗೆಲ್ಲ ಈ ಬಲಗೈ ಜಗತ್ತೇ ಹೊಣೆ. ಕತ್ತರಿ, ಕಾಲೇಜಿನ ಕುರ್ಚಿಯ ಹಲಗೆ, ಕೊನೆಗೆ ರೈಫಲ್.

ರೈಫಲ್ ಎಂದೊಡನೆ ಗಾಬರಿಯಾಗಬೇಡಿ, ಇದು ಗಾಳಿಯ ಒತ್ತಡದಿಂದ ಗುರಿಕಾಗದಕ್ಕೆ ಹೊಡೆಯುವಂಥದ್ದು. ಕುಮಾರಸ್ವಾಮಿ ಲೇಔಟಿನಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಪುಟ್ಟ ಕ್ಲಬ್ಬಿದೆ. ಉಸಿರು ಬಿಗಿಹಿಡಿಯಬೇಕಾದ ಹೊತ್ತಿಗೆ ಸರಿಯಾಗಿ ಕೆಳಗಿನಿಂದ ಪಫ್ಸಿನ ಘಮ ಬರುತ್ತದೆ. ಅಲ್ಲಿ ಕಲಿಸುವವರು ಮುದ್ದಯ್ಯ ಸರ್, ದಪ್ಪ ಮೀಸೆಯ, ಮಿತಮಾತಿನ ಮನುಷ್ಯ. ಮೊದಲ ದಿನವೇ ಅವರು ಎರಡೂ ಅಂಗೈಗಳನ್ನು ಜೋಡಿಸಿ ನಡುವೆ ತ್ರಿಕೋನದ ಕಿಂಡಿ ಮಾಡಿಕೊಂಡು, "ನೋಡಮ್ಮ, ಮೊದಲು ಹೀಗೆ..." ಎಂದು ಶುರು ಮಾಡಿದ್ದರು. ನಾನು ನಡುವೆಯೇ, "ಸರ್, ನಾನು ಎಡಗೈ. ಇಲ್ಲಿರೋ ರೈಫಲ್ಲಿಗೆಲ್ಲ ಗುಂಡು ತುಂಬೋಕೆ ಎಳೆಯೋ ಬೋಲ್ಟ್ ಬಲಗಡೆ ಇದೆ. ಇದು ತಾರತಮ್ಯ ಅಲ್ವಾ?" ಎಂದು ಆರಂಭಿಸಿ, ಮುಗಿಸುವಷ್ಟರಲ್ಲಿ ಅವರ ಕೈಗಳು ಜೇಬಿಗೆ ಇಳಿದಿದ್ದವು.

ಆಮೇಲೆ ಆರು ತಿಂಗಳು ನನ್ನ ಗುಂಡುಗಳು ಬಿದ್ದದ್ದೆಲ್ಲ ಗುರಿಯ ಬಲಕ್ಕೆ. ನನಗೆ ಅದೇ ಸಾಕ್ಷಿಯಾಯಿತು. ಪ್ರತಿ ಗುಂಡಿಗೂ ಎಡಗೈಯನ್ನು ಹಿಡಿಯಿಂದ ಬಿಡಿಸಿ ಬಲಬದಿಯ ಬೋಲ್ಟಿಗೆ ಚಾಚಬೇಕು, ನಿಲುವು ಕೆಡುತ್ತದೆ, ಗುಂಡು ಓಡುತ್ತದೆ ಎಂದು ಏಳು ಅಂಶಗಳಲ್ಲಿ ವಾದಿಸಿದೆ. ಅಂತರ್‌ಕ್ಲಬ್ ಪಂದ್ಯದ ತಂಡದಲ್ಲಿ ಕೊನೆಯದಾಗಿ ಉಳಿದ ಒಂದೇ ಜಾಗಕ್ಕೆ ನಾನೂ ಕ್ಲಬ್ಬಿನ ಪ್ರಣವನೂ ಎದುರಾದಾಗ ಮುದ್ದಯ್ಯ ಸರ್ ಹೇಳಿದರು, "ಭಾನುವಾರ ನೀನು, ಪ್ರಣವ್, ಇಬ್ಬರೂ ಇಪ್ಪತ್ತಿಪ್ಪತ್ತು ಗುಂಡು ಹೊಡೀರಿ. ನಿಂಗೆ ಯಾವ ರೈಫಲ್ ಬೇಕೋ ನೀನೇ ತಗೊಂಡು ಬಾ. ಆಮೇಲೆ ಎಡಗೈ ಅನ್ನೋ ಮಾತು ನನ್ ಕಿವಿಗೆ ಬೀಳ್ಬಾರ್ದು."

ಅಲ್ಲಿಗೆ ಪಣಕ್ಕೆ ಬಿದ್ದದ್ದು ತಂಡದ ಜಾಗವೊಂದೇ ಅಲ್ಲ, ನನ್ನ ಜೀವಮಾನದ ವಾದ. ಶನಿವಾರ ಜಯನಗರದ ಅಂಗಡಿಗೆ ಹೋದೆ. ಅಂಗಡಿಯವರು, "ಯಾರಿಗೆ ಮೇಡಂ, ತಮ್ಮನಿಗಾ?" ಎಂದು ಮೊದಲ ತಪ್ಪು ಮಾಡಿದರು. ತೋರಿಸಿದ ಎರಡರಲ್ಲಿ ಒಂದಕ್ಕೆ ಬೋಲ್ಟ್ ಬಲಕ್ಕೆ, ಇನ್ನೊಂದಕ್ಕೆ ಲಿವರ್ ಬಲಕ್ಕೆ. ಮೂಲೆಯಲ್ಲಿ ಧೂಳು ಹಿಡಿದು ಮೂರನೆಯದೊಂದಿತ್ತು, ಕೌಬಾಯ್ ಸಿನಿಮಾಗಳಲ್ಲಿ ಬರುವಂಥದ್ದು. ಅದರ ಲಿವರ್ ಕುದುರೆಲಾಳದಂತೆ ಕುದುರೆಯ ಕೆಳಗೇ, ಅಂದರೆ ಟ್ರಿಗರಿನ ಕೆಳಗೇ, ನಟ್ಟನಡುವೆ. ಕೆಳಕ್ಕೊಮ್ಮೆ ತಳ್ಳಿ ಮೇಲಕ್ಕೆಳೆದರೆ ಮುಂದಿನ ಗುಂಡು ಸಿದ್ಧ. ಎಡ ಬಲ ಎಂಬ ಭೇದವಿಲ್ಲ.

"ಮೇಡಂ, ಅದು ಶೋಗೆ ಸಖತ್ತಾಗಿದೆ. ಮ್ಯಾಚಿಗೆ ಯಾರೂ ತಗೊಳಲ್ಲ."

"ಯಾರೂ ಅಂದ್ರೆ ಯಾರು ಸಾರ್? ಬಲಗೈಯವರಾ?"

ಅವರು ಮೌನವಾಗಿ ಬಿಲ್ ಪುಸ್ತಕ ತೆಗೆದರು. ಈ ಮೌನಗಳನ್ನು ನಾನು ಗೆಲುವಿನ ಪಟ್ಟಿಗೆ ಸೇರಿಸುತ್ತೇನೆ.

ಭಾನುವಾರ ಬೆಳಿಗ್ಗೆ ಕ್ಲಬ್ಬಿನ ರೇಂಜಿನಲ್ಲಿ, ಗುರಿಕಾಗದಗಳ ಎದುರು, ಇಬ್ಬರೂ ನಿಂತೆವು. ಪ್ರಣವ್ ನನ್ನ ರೈಫಲ್ ನೋಡಿ, "ಕುದುರೆ ಎಲ್ಲಿ ಪಾರ್ಕ್ ಮಾಡ್ದೆ ಗುರು?" ಎಂದ. ಲಿವರ್ ಎಳೆದೆ. ಬೆಣ್ಣೆಯಂತೆ ಬಂತು. ಮೊದಲ ಎರಡು ಗುಂಡು ನಡುವಿಗೇ ಬಿದ್ದವು. ಮೂರನೆಯದು ಬಲಕ್ಕೆ ಸರಿಯಿತು. ನಾಲ್ಕು, ಐದು, ಆರು, ಎಲ್ಲ ಬಲಕ್ಕೆ. ಬೆವರು ಕನ್ನಡಕದೊಳಗೆ ಇಳಿಯಿತು. ಬೋಲ್ಟಿಲ್ಲ, ಕೈ ಚಾಚಬೇಕಿಲ್ಲ, ನಿಲುವು ಕೆಟ್ಟಿಲ್ಲ. ಏಳು ಅಂಶಗಳೂ ಒಂದೊಂದಾಗಿ ಎದ್ದು ಹೊರಟುಹೋದವು. ಹತ್ತು ಗುಂಡು ಮುಗಿಯುವಷ್ಟರಲ್ಲಿ ನಾನು ಒಂಬತ್ತು ಅಂಕ ಹಿಂದಿದ್ದೆ.

ವಿರಾಮದಲ್ಲಿ ಮುದ್ದಯ್ಯ ಸರ್ ಬಂದು ಮತ್ತೆ ಅಂಗೈಗಳಿಂದ ತ್ರಿಕೋನ ಮಾಡಿದರು. ಈ ಸಲ ಆ ಕೈಗಳು ಜೇಬಿಗೆ ಇಳಿಯಲಿಲ್ಲ. ನಾನೂ ಮಾಡಿದೆ.

"ಎರಡೂ ಕಣ್ಣು ಬಿಟ್ಟು ಕಿಂಡೀಲಿ ಆ ಗಡಿಯಾರ ನೋಡು. ಈಗ ಬಲಗಣ್ಣು ಮುಚ್ಚು. ಗಡಿಯಾರ ಇದ್ಯಾ?"

"ಇಲ್ಲ ಸರ್. ಓಡಿಹೋಯ್ತು."

"ಎಡಗಣ್ಣು ಮುಚ್ಚು."

ಗಡಿಯಾರ ಅಲ್ಲೇ ಇತ್ತು, ಹತ್ತು ಗಂಟೆ ಹತ್ತು ನಿಮಿಷ.

"ಕೈ ಎಡಗೈ ಕಣಮ್ಮ, ಕಣ್ಣು ಬಲಗಣ್ಣು. ಎಡಗಣ್ಣಲ್ಲಿ ಗುರಿ ಇಡ್ತೀಯ. ಬಲಗಣ್ಣನ್ನ ಎಷ್ಟೊತ್ತು ಮುಚ್ಕೊಂಡಿರ್ತೀಯ? ದಣಿದು ಅರ್ಧ ತೆರ್ಕೊಳ್ಳುತ್ತೆ, ಅದೇ ಯಜಮಾನಿಕೆ ಮಾಡುತ್ತೆ, ಗುಂಡು ಬಲಕ್ಕೆ ಹೋಗುತ್ತೆ. ರೈಫಲ್ ಏನ್ ಮಾಡ್ತು ಪಾಪ?"

"ಸರ್, ಇದನ್ನ ಮೊದಲೇ ಹೇಳ್ಬಾರ್ದಿತ್ತಾ?"

"ಮೊದಲನೇ ದಿನವೇ ಹೇಳೋಕೆ ಬಂದೆ. ನೀನು ಬಿಟ್ಯಾ?"

ಬಲಗಣ್ಣಿಗೆ ಮರೆ ಕಟ್ಟಿದರೆ ಸಾಕು ಎಂದರು. ಪ್ರಣವ್ ತನ್ನ ಗುರಿಕಾಗದದ ಅಂಚು ಹರಿದು, ಟೇಪಿನ ಸಮೇತ ಚಾಚಿದ. ಅವನ ಅಂಕಗಳಿದ್ದ ಕಾಗದದ ಚೂರನ್ನೇ ಕನ್ನಡಕದ ಬಲಗಾಜಿಗೆ ಅಂಟಿಸಿಕೊಂಡು ನಿಂತೆ. ಲಿವರ್, ಉಸಿರು, ಗುಂಡು. ನಡುವಿಗೆ. ಮತ್ತೆ ಲಿವರ್, ಮತ್ತೆ ನಡುವಿಗೆ. ಕೆಳಗೆ ಬೇಕರಿಯವರು ತಟ್ಟೆ ಜೋಡಿಸುವ ಸದ್ದು ಮಾತ್ರ ಕೇಳುತ್ತಿತ್ತು. ಹತ್ತೊಂಬತ್ತನೆಯದಕ್ಕೆ ಅಂತರ ಮೂರಕ್ಕಿಳಿಯಿತು. ಕೊನೆಯದು ಹತ್ತಕ್ಕೆ ಹತ್ತು. ಪ್ರಣವನ ಕೊನೆಯದು ಎಂಟು.

ಒಂದು ಅಂಕದಿಂದ ಸೋತೆ.

ಆರು ತಿಂಗಳ ಹಿಂದೆ ಒಂದೇ ಒಂದು ವಾಕ್ಯ ಪೂರ್ತಿ ಕೇಳಿಸಿಕೊಂಡಿದ್ದರೆ ಆ ಜಾಗ ನನ್ನದು. ಬಲಗೈ ಜಗತ್ತಿನ ಮೇಲೆ ಹೊರಿಸಲು ಎಷ್ಟು ಹುಡುಕಿದರೂ ಒಂದು ಅಂಶವೂ ಸಿಗಲಿಲ್ಲ. ರೈಫಲನ್ನು ಹೆಗಲಿಗೇರಿಸಿಕೊಂಡು ಮನೆಗೆ ಬಂದೆ. ದೇವಸ್ಥಾನದಿಂದ ಆಗಷ್ಟೇ ಬಂದಿದ್ದ ಅಮ್ಮ ಪ್ರಸಾದ ಹಿಡಿದು ನಿಂತಿದ್ದಳು. ಅಭ್ಯಾಸಬಲದಿಂದ ಎಡಗೈ ಚಾಚಿದೆ.

"ಬಲಗೈ ಕೊಡೇ," ಎಂದಳು, ನಿತ್ಯದ ಯುದ್ಧಕ್ಕೆ ಸೆರಗು ಬಿಗಿದುಕೊಂಡು.

ಕೈ ಬದಲಿಸಿದೆ. ಪ್ರಸಾದ ಬಾಯಿಗೆ ಹಾಕಿಕೊಂಡೆ. ಒಂದು ಮಾತೂ ಆಡಲಿಲ್ಲ.

ಅಮ್ಮ ಸೆರಗು ಬಿಟ್ಟು ನನ್ನ ಹಣೆ ಮುಟ್ಟಿ ನೋಡಿ, ಒಳಗೆ ತಿರುಗಿ ಅಪ್ಪನನ್ನು ಕೂಗಿದಳು. "ರೀ, ಥರ್ಮಾಮೀಟರ್ ತಗೊಂಡು ಬನ್ನಿ. ಇವಳಿಗೆ ಏನೋ ಆಗಿದೆ!"