ಹತ್ತೊಂಬತ್ತರ ಮಗ್ಗಿ

ಭಾನುವಾರ ಬೆಳಿಗ್ಗೆ ಆರೂವರೆಗೆ ಪುಂಡಲೀಕ ತನ್ನ ತಂದೆಯ ಬಗ್ಗೆ ಒಂದು ಸುಳ್ಳು ಹೇಳಿದ. ಮೂರು ನಿಮಿಷದ ಸುಳ್ಳು. ವಾಟ್ಸಾಪಿನಲ್ಲಿ ಮಾತಾಡಿ ಕಳಿಸಿದ್ದರಿಂದ ಅಳತೆಯಲ್ಲಿ ಅನುಮಾನವಿಲ್ಲ.

ಕಳಿಸಿದ್ದು ಹಾಸ್ಯನಟ ಶರಣಬಸವ ಅವರ ಅಭಿಮಾನಿ ಬಳಗಕ್ಕೆ. ದಾಂಡೇಲಿ ಬಸ್ ನಿಲ್ದಾಣದ ಎದುರು ಇರ್ಫಾನನ ಚಹಾದಂಗಡಿಯಲ್ಲಿ ಈ ಬಳಗ ವಾರಕ್ಕೊಮ್ಮೆ ಸೇರುತ್ತಿತ್ತು. ಶರಣಬಸವ ನಾಟಕ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದದ್ದು, ಆಳಿನ ಪಾತ್ರದವನಿಗೆ ಜ್ವರ ಬಂದ ದಿನ ರಂಗಕ್ಕೆ ಬಂದದ್ದು, ಆಮೇಲೆ ಕ್ಯಾಸೆಟ್ಟು, ಟೀವಿ, ಈಗ ಮೊಬೈಲು. ನಲವತ್ತು ವರ್ಷದ ಈ ಚರಿತ್ರೆ ಬಳಗದವರಿಗೆ ತಮ್ಮ ಮಕ್ಕಳು ಹುಟ್ಟಿದ ತಾರೀಖಿಗಿಂತ ಚೆನ್ನಾಗಿ ನೆನಪಿತ್ತು. ಪ್ರತಿ ಸಂದರ್ಶನದಲ್ಲೂ ಶರಣಬಸವ ಒಂದು ಮಾತು ತಪ್ಪದೆ ಹೇಳುತ್ತಿದ್ದರು. ಅವರಪ್ಪ ಹೆಡ್‌ಮಾಸ್ತರ. ಮನೆಯಲ್ಲಿ ನಕ್ಕವರಿಗೆ ಬೆತ್ತ. ಹಾಗಾಗಿಯೇ ತಾವು ನಗದೆ ನಗಿಸುವುದನ್ನು ಕಲಿತರಂತೆ.

ಇದರಿಂದ ಬಳಗದಲ್ಲಿ ಏಟು ತಿಂದವರಿಗೆ ಎಲ್ಲಿಲ್ಲದ ಗೌರವ. ಇರ್ಫಾನನ ಅಪ್ಪ ಅವನನ್ನು ಬೇಸಿಗೆಯ ಬಿಸಿಲಲ್ಲಿ ಹೆಂಚಿನ ಮೇಲೆ ಕೂರಿಸಿದ್ದರು. ಕೋಗಿಲಬನದ ರೊಜಾರಿಯೊನ ಅಪ್ಪ ಕ್ಯಾಸಲ್‌ರಾಕ್‌ನಲ್ಲಿ ರೈಲ್ವೆ ಗ್ಯಾಂಗ್‌ಮನ್. ತಪ್ಪು ಮಾಡಿದರೆ ಗೂಡ್ಸ್ ಗಾಡಿ ಪೂರ್ತಿ ದಾಟುವ ತನಕ ಒಂಟಿಗಾಲಲ್ಲಿ ನಿಲ್ಲಬೇಕು; ಆ ಘಾಟಿಯಲ್ಲಿ ಗೂಡ್ಸ್ ಗಾಡಿಗೆ ಅವಸರವೆಂಬುದೇ ಇರಲಿಲ್ಲ. ಪುಂಡಲೀಕನಿಗೆ ಮಾತ್ರ ಹೇಳಿಕೊಳ್ಳಲು ಏನೂ ಇರಲಿಲ್ಲ. ಅವನಪ್ಪ ಮುದಕಪ್ಪ, ಬೆಕ್ಕು ಹಾಲಿಗೆ ಬಾಯಿ ಹಾಕಿದರೆ ಅದು ಕುಡಿದು ಮುಗಿಸುವವರೆಗೆ ಕಾಯುವ ಮನುಷ್ಯ. ಹೆತ್ತ ಮಗನನ್ನೂ 'ರೀ' ಎಂದೇ ಮಾತಾಡಿಸುತ್ತಿದ್ದರು. ಕಾಗದದ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದರೂ ಅವರನ್ನು ಕಂಡು ಎದ್ದು ನಿಂತವರಿಲ್ಲ.

ಅಂದು ಸಂಜೆ ನಾಲ್ಕಕ್ಕೆ ಕಾರ್ಖಾನೆ ಕಾಲೋನಿಯ ಸಭಾಭವನದಲ್ಲಿ ಶರಣಬಸವ ಅವರಿಗೆ ಸನ್ಮಾನ. ಅತಿ ಕಟ್ಟುನಿಟ್ಟಿನ ಬಾಲ್ಯ ಕಂಡ ಅಭಿಮಾನಿಗೆ ವೇದಿಕೆಯಲ್ಲಿ ಐದು ನಿಮಿಷ ಮಾತು, ಅವರ ಪಕ್ಕದಲ್ಲೇ ಕುರ್ಚಿ. ಆ ಕುರ್ಚಿಗಾಗಿ ಪುಂಡಲೀಕ ಹೇಳಿದ್ದಿಷ್ಟು: ಅಪ್ಪ ತನ್ನನ್ನು ಮೌಳಂಗಿಯ ಹತ್ತಿರ, ಮೊಸಳೆಗಳಿರುವ ಕಾಳಿ ಹೊಳೆಯಲ್ಲಿ ಮೊಣಕಾಲುದ್ದ ನೀರಿಗೆ ಇಳಿಸಿ ಹತ್ತೊಂಬತ್ತರ ಮಗ್ಗಿ ಹೇಳಿಸುತ್ತಿದ್ದರು, ತಪ್ಪಿದರೆ ಒಂದು ಹೆಜ್ಜೆ ಮುಂದೆ. ಏಳಕ್ಕೆಲ್ಲ ಕುರ್ಚಿ ಅವನದಾಯಿತು. ಎಂಟರ ಹೊತ್ತಿಗೆ ಆ ಮಾತು ಕಾಲೋನಿಯ ಎಲ್ಲ ಮೊಬೈಲುಗಳಿಗೂ ಹೋಗಿ ಮುಟ್ಟಿತ್ತು.

ಮೊದಲು ಬಂದವರು ಪಕ್ಕದ ಮನೆಯ ಗೋದುಬಾಯಿ. ದಿನವೂ ಮುದಕಪ್ಪನವರ ಕೈಗೆ ಚೀಲ ಕೊಟ್ಟು ಕಿರಾಣಿ ಅಂಗಡಿಗೆ ಅಟ್ಟುತ್ತಿದ್ದವರು ಅಂದು ತಲೆಯ ಮೇಲೆ ಸೆರಗು ಹೊದ್ದು, ಒಗ್ಗರಣೆ ಅವಲಕ್ಕಿ ಹಿಡಿದು ನಿಂತಿದ್ದರು. ಹಿಂದೆ ಅವರ ಅಳಿಯ ಯಲ್ಲಪ್ಪ.

"ಅಣ್ಣಾರ, ಇಂಥಾ ಶಿಸ್ತಿನ ಮನಶಾ ಬಾಜೂಕ ಇದ್ರೂ ನಮಗ ಗೊತ್ತ ಆಗ್ಲಿಲ್ಲ. ನಮ್ಮ ಅಳಿಯಾ ಮೊಬೈಲ್ ಕೆಳಗ ಇಡವಲ್ಲ. ನೀವು ಒಂದೀಟ ನೋಡ್ರಿ."

ಏನು ಮಾಡಬೇಕೆಂದು ತಿಳಿಯದೆ ಮುದಕಪ್ಪ ಸುಮ್ಮನೆ ನೋಡಿದರು. ಯಲ್ಲಪ್ಪ ಮೊಬೈಲು ಆರಿಸಿ ಜೇಬಿಗೆ ಹಾಕಿಕೊಂಡ.

ಹತ್ತಕ್ಕೆ ರೊಜಾರಿಯೊ ಹೆಂಡತಿ ಕ್ರಿಸ್ತಿನಾಳೊಂದಿಗೆ ಬಂದ. ಕೈಹಿಡಿದು ಕರೆತಂದಿದ್ದ ಮಗಳು ಜೆನಿಫರ್ ಗಣಿತದ ಪುಸ್ತಕ ಮುಟ್ಟುತ್ತಿರಲಿಲ್ಲವಂತೆ. ಮುದಕಪ್ಪ ರೂಢಿಯಂತೆ ಮಗುವಿಗೆ ಶೇಂಗಾ ಕೊಡಲು ಕೈ ಚಾಚಿದರು. ಹುಡುಗಿ ನಡುಗುತ್ತ ಏಳರ ಮಗ್ಗಿಯನ್ನು ಪೂರ್ತಿ ಒಪ್ಪಿಸಿಬಿಟ್ಟಳು. ಊಟದ ಹೊತ್ತಿಗೆ ಜಗುಲಿಯ ಮುಂದೆ ಆರು ಜನ ಸಾಲಿನಲ್ಲಿದ್ದರು. ಮುದಕಪ್ಪ ಯಾರಿಗೂ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಒಳಗೆ ಪುಂಡಲೀಕ ಕಿಟಕಿಯಿಂದ ಸಾಲಿನ ತಲೆ ಎಣಿಸುತ್ತಿದ್ದ. ಹೆಂಡತಿ ಶೈಲಶ್ರೀ ಆ ಮೂರು ನಿಮಿಷವನ್ನು ಎರಡು ಸಲ ಕೇಳಿದ್ದಳು.

"ಜೀವನದಾಗ ಒಬ್ಬರಿಗೆ ಲೇ ಅಂದವರಲ್ಲ ಮಾವನೋರು. ನೀವು ಅವರನ್ನ ರಾಕ್ಷಸನ್ನ ಮಾಡಿದ್ರಿ," ಎಂದಳು. ಹಾಗೆಂದವಳು ಸಭೆಗೆ ಹೋಗಲು ಮಾವನ ಧೋತರ ಇಸ್ತ್ರಿ ಮಾಡತೊಡಗಿದಳು.

ಸಭಾಭವನದಲ್ಲಿ ಫ್ಯಾನಿಲ್ಲ, ಭಾಷಣ ಉದ್ದ ಎಂದೆಲ್ಲ ಪುಂಡಲೀಕ ಅಪ್ಪನನ್ನು ಮನೆಯಲ್ಲೇ ಉಳಿಸಲು ನೋಡಿದ. ಮುದಕಪ್ಪ ರೊಟ್ಟಿ ಮುರಿಯುತ್ತ ಒಂದೇ ಪ್ರಶ್ನೆ ಕೇಳಿದರು.

"ಹೊಳ್ಯಾಗ ನೀರು ಎಷ್ಟ ಇತ್ರಿ?"

"ಮೊಣಕಾಲ ಮಟ, ಅಪ್ಪಾ."

"ಕಡಿಮಿ ಆತ್ರಿ," ಎಂದು ಮುದಕಪ್ಪ ಕೈ ತೊಳೆದರು.

ನೊಂದ ಜೀವದ ಮಾತು ಎಂದುಕೊಂಡ ಪುಂಡಲೀಕ ಅರ್ಧ ರೊಟ್ಟಿ ಬಿಟ್ಟು ಎದ್ದ.

ಸಭೆ ಕಿಕ್ಕಿರಿದಿತ್ತು. ಶರಣಬಸವ ಹಾರ ಹಾಕಿಕೊಂಡು, ನಲವತ್ತು ವರ್ಷದಿಂದ ಹೊತ್ತ ಅದೇ ಸಪ್ಪೆ ಮುಖದಲ್ಲಿ ಕೂತಿದ್ದರು. ಮುಂದಿನ ಸಾಲಿನಲ್ಲಿ ಮುದಕಪ್ಪ, ಬಿಳಿ ಧೋತರದಲ್ಲಿ, ಊರುಗೋಲು ಹಿಡಿದು. ಒಂದು ಬದಿಗೆ ಗೋದುಬಾಯಿ ಬೀಸಣಿಕೆ ಬೀಸುತ್ತಿದ್ದರು, ಇನ್ನೊಂದು ಬದಿಗೆ ಯಲ್ಲಪ್ಪ ಕೈಕಟ್ಟಿ ಕೂತಿದ್ದ. ಮೈಕು ಹಿಡಿದ ಪುಂಡಲೀಕ ಅಪ್ಪನ ಮುಖ ನೋಡಿದ. ಸಣ್ಣವನಿದ್ದಾಗ ಜ್ವರ ಬಂದರೆ ಇಡೀ ದಿನ ಹೆಗಲ ಮೇಲೆ ಹೊತ್ತು ತಿರುಗಿದವರ ಮುಖ ಅದು. ಅವನ ಕಣ್ಣು ತುಂಬಿ ಬಂತು. ಕುರ್ಚಿ ಹೋದರೆ ಹೋಗಲಿ ಎನಿಸಿತು.

"ನಮ್ಮಪ್ಪ ನನ್ನ ಒಂದ ದಿನಾನೂ ಹೊಡದಿಲ್ರಿ. ಬೈದಿಲ್ಲ. ಹೊಳಿ, ಮೊಸಳಿ, ಎಲ್ಲಾ ನಾ ಕಟ್ಟಿದ ಸುಳ್ಳು. ಇಂಥಾ ಮೆತ್ತನ ಮನಶಾ ದಾಂಡೇಲ್ಯಾಗ ಇನ್ನೊಬ್ಬರಿಲ್ಲ."

ಗೋದುಬಾಯಿಯ ಬೀಸಣಿಕೆ ನಿಂತಿತು. ಯಲ್ಲಪ್ಪನ ಕೈ ನಿಧಾನವಾಗಿ ಜೇಬಿಗೆ ಹೋಯಿತು. ಮುದಕಪ್ಪ ಆ ಕಡೆ ನೋಡಿದರು, ಈ ಕಡೆ ನೋಡಿದರು. ಆಮೇಲೆ ಎದ್ದು, ಮೆಟ್ಟಿಲು ಹತ್ತಿ, ಮಗನ ಕಪಾಳಕ್ಕೆ ಒಂದು ಬಾರಿಸಿದರು. ಮೈಕು ಪಕ್ಕದಲ್ಲೇ ಇದ್ದುದರಿಂದ ಸಪ್ಪಳ ಕಡೆಯ ಸಾಲಿನವರಿಗೂ ಸ್ಪಷ್ಟವಾಗಿ ಕೇಳಿತು.

"ನಾಕು ಮಂದ್ಯಾಗ ಅಪ್ಪನ ಮರ್ಯಾದಿ ತಗೀತಿಯೇನಲೇ, ಪುಂಡ್ಯಾ?"

ಇಡೀ ಸಭೆ ಎದ್ದು ನಿಂತಿತು. ಇರ್ಫಾನ್ ಮೈಕು ಎತ್ತಿಕೊಂಡು, ನಲವತ್ತನಾಲ್ಕು ವರ್ಷದ ಮನುಷ್ಯ ಅಪ್ಪನನ್ನು ಕಂಡು ಹೆದರಿ ಹೀಗೆ ಸುಳ್ಳು ಹೇಳಬೇಕಾದರೆ ಆ ಹೊಳೆ ಎಷ್ಟು ಆಳವಿದ್ದೀತು ಎಂದು ಜನರನ್ನೇ ಕೇಳಿದ. ಶರಣಬಸವ ಬಂದು ಮುದಕಪ್ಪನವರ ಕಾಲು ಮುಟ್ಟಿದರು. ಪುಂಡಲೀಕನಿಗೆಂದು ಇಟ್ಟಿದ್ದ ಕುರ್ಚಿಯಲ್ಲಿ ಮುದಕಪ್ಪ ಕೂತರು. ಶಾಲೂ ಅವರಿಗೇ ಹೋಯಿತು. ಪುಂಡಲೀಕ ಕಾರ್ಯಕ್ರಮ ಮುಗಿಯುವವರೆಗೆ ಗೋಡೆಗೆ ಒರಗಿ ನಿಂತಿದ್ದ.

ಆರರ ಹೊತ್ತಿಗೆ ಅಪ್ಪ ಮಗ ಹೊಳೆಯ ದಂಡೆಯ ದಾರಿ ಹಿಡಿದು ಮನೆಗೆ ಹೊರಟರು. ಎದುರಿಗೆ ಬಂದವರೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಮುದಕಪ್ಪ ಶಾಲನ್ನು ಸರಿಮಾಡಿಕೊಂಡರು.

"ಅಪ್ಪಾ, ಕಪಾಳ ಇನ್ನೂ ಉರೀತೈತಿ," ಎಂದ ಪುಂಡಲೀಕ.

"ಉರೀಲಿ. ಹತ್ತೊಂಬತ್ತ ಎಂಟ್ಲೆ ಎಷ್ಟಲೇ?"

ಪುಂಡಲೀಕ ಬೆರಳು ಮಡಿಸಿದ, ಬಿಡಿಸಿದ, ಮತ್ತೆ ಮಡಿಸಿದ. ಮುದಕಪ್ಪ ಸ್ವಲ್ಪ ಹೊತ್ತು ಕಾದರು. ಹಿಂದೆ ಸ್ವಲ್ಪ ದೂರದಲ್ಲಿ ಗೋದುಬಾಯಿಯೂ ಯಲ್ಲಪ್ಪನೂ ನಿಂತು ನೋಡುತ್ತಿದ್ದರು. ಮುದಕಪ್ಪ ಕೋಲನ್ನು ನೀರಿನ ಕಡೆ ಎತ್ತಿದರು.

"ಇಳಿ."

ಪುಂಡಲೀಕ ಚಪ್ಪಲಿ ಕಳಚಿದ.